ದ್ರಾಕ್ಷಿ ನಾಡಿನಲ್ಲಿ ಉಪ್ಪನ ಜೊತೆ ಹತ್ತು ದಿನ

"ಹೆಂಡದ ಊರಿಗೆ ನನ್ನನ್ನು ಎಂತಕ್ಕೆ ಕರ್ಕೊಂಡು ಹೋಗುದು? ನೀವು ಹೋಗಿ ಬನ್ನಿ, ನಾನು ಮನೆ ನೋಡ್ಕೊಳ್ತೇನೆ" ಎಂದು ಉಪ್ಪ ಪತ್ರಿಕೆ ಮಡಚಿಟ್ಟು ಎದ್ದುಬಿಟ್ಟರು.

ತಪ್ಪು ಅವರದ್ದಲ್ಲ. ಮಕ್ಕಳ ಎಪ್ರಿಲ್ ರಜೆಗೆ ದಕ್ಷಿಣ ಆಫ್ರಿಕಾದ ಕೇಪ್‌ಟೌನಿಗೆ ಹೋಗುವ, ಅಲ್ಲಿ ಬಾಡಿಗೆ ಕಾರು ಹಿಡಿದು ನಾವೇ ಓಡಿಸಿಕೊಂಡು ಬೆಟ್ಟ, ಘಾಟಿ ಸುತ್ತುವ ಎಂದು ನಾನು ಹೇಳಿದ್ದೇ ತಡ, ಮಗ ಮೊಬೈಲ್‌ನಲ್ಲಿ ಹುಡುಕಿ ಜೋರಾಗಿ ಓದಿದ ಮೊದಲ ಪದವೇ 'ವೈನ್ ರೂಟ್'. ಆ ಕಡೆಯ ಬೆಟ್ಟಗಳ ಬುಡವೆಲ್ಲ ದ್ರಾಕ್ಷಿ ತೋಟ. ಪ್ರವಾಸಿಗರು ತೋಟದಿಂದ ತೋಟಕ್ಕೆ ಹೋಗಿ ವೈನ್ ರುಚಿ ನೋಡುವುದೇ ಅಲ್ಲಿನ ದೊಡ್ಡ ವ್ಯಾಪಾರ.

ಉಮ್ಮನೇ ದಾರಿ ಮಾಡಿಕೊಟ್ಟರು. "ಜುಬೈಲ್‌ನಲ್ಲಿ ಅಷ್ಟು ವರ್ಷ ಟ್ರೈಲರ್ ಓಡಿಸಿದ್ದೀರಿ. ಒಮ್ಮೆ ಮಗ ಓಡಿಸುವ ಕಾರಿನಲ್ಲಿ ಕೂತು ಲೋಕ ನೋಡಿ." ಉಪ್ಪ ಒಂದು ಷರತ್ತಿನ ಮೇಲೆ ಒಪ್ಪಿದರು. ಮದ್ಯ ಬಡಿಸುವ ಮೇಜಿನಲ್ಲಿ ತಾನು ಕೂರುವುದಿಲ್ಲ. ನಾವೂ ಕೂರುವವರಲ್ಲ ಎಂದೆ. ಹತ್ತು ದಿನವೂ ಆ ಷರತ್ತು ಮುರಿಯಲಿಲ್ಲ.

ಎಡಬದಿಯ ರಸ್ತೆ

ನಮ್ಮವರಿಗೆ ಅಲ್ಲಿ ಮೊದಲ ಸಮಾಧಾನ ರಸ್ತೆಯದ್ದು. ವಾಹನ ಎಡಬದಿಯಲ್ಲಿ, ಸ್ಟಿಯರಿಂಗ್ ಬಲಗಡೆ, ಊರಿನ ಹಾಗೆಯೇ. ಹೆದ್ದಾರಿಯಲ್ಲಿ ಗಂಟೆಗೆ 120 ಕಿ.ಮೀ., ಪೇಟೆಯೊಳಗೆ 60 ಕಿ.ಮೀ. ಮಿತಿ. ಹಾರ್ನ್ ಕೇಳಿಸುವುದೇ ಅಪರೂಪ. "ಇಲ್ಲಿ ಓಡಿಸುವುದು ಕೆಲಸವೇ ಅಲ್ಲ" ಎಂದು ಉಪ್ಪ ಮೊದಲ ದಿನವೇ ತೀರ್ಪು ಕೊಟ್ಟರು.

ಕೇಪ್‌ಟೌನ್ ನಗರದ ನಡುವೆಯೇ ರಾಷ್ಟ್ರೀಯ ಉದ್ಯಾನ ಉಂಟು. ಟೇಬಲ್ ಮೌಂಟನ್ ಸಾವಿರ ಮೀಟರ್‌ಗಿಂತ ಎತ್ತರ, ತುದಿ ಮಾತ್ರ ಹಾಸುಗಲ್ಲಿನಂತೆ ಚಪ್ಪಟೆ. ಅಲ್ಲಿಂದ ದಕ್ಷಿಣಕ್ಕೆ ಕೇಪ್ ಪಾಯಿಂಟ್‌ವರೆಗೂ ಅದೇ ಉದ್ಯಾನ ಅಲ್ಲಲ್ಲಿ ಮುಂದುವರಿಯುತ್ತದೆ. ದಾರಿಯಲ್ಲಿ ಸಿಗುವ ಚಾಪ್‌ಮನ್ಸ್ ಪೀಕ್ ರಸ್ತೆ 9 ಕಿ.ಮೀ., ತಿರುವುಗಳು 114. ಒಂದು ಬದಿ ಬಂಡೆ, ಇನ್ನೊಂದು ಬದಿ ನೇರ ಸಮುದ್ರ. ಕೇಪ್ ಪಾಯಿಂಟ್ ಹತ್ತಿರ ಕಾರಿನ ಬಾಗಿಲು ಅರ್ಧ ತೆರೆದದ್ದೇ ತಪ್ಪಾಯಿತು. ಬಬೂನ್ ಒಂದು ಒಳಗೆ ಕೈಹಾಕಿ ಉಮ್ಮ ಊರಿನಿಂದ ತಂದಿದ್ದ ನೇಂದ್ರ ಚಿಪ್ಸ್ ಕಟ್ಟನ್ನು ಎತ್ತಿಕೊಂಡು ಹೋಯಿತು. ಮಕ್ಕಳು ಊರಿಗೆ ಬಂದ ಮೇಲೂ ಮೊದಲು ಹೇಳಿದ್ದು ಅದೇ ಕತೆ.

ತೋಟದ ಗೇಟಿನಲ್ಲಿ ಒಂದು ಕಬರ್

ಬೆಟ್ಟದ ಇನ್ನೊಂದು ಮಗ್ಗುಲಲ್ಲಿ ಕಾನ್‌ಸ್ಟಾನ್ಶಿಯಾ. ಡಚ್ ಗವರ್ನರ್ ಸಿಮೋನ್ ಫಾನ್ ಡರ್ ಸ್ಟೆಲ್ 1685ರಲ್ಲಿ ಇಲ್ಲಿ ತೋಟ ಮಾಡಿದ. ಸೈಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್‌ಗೂ ಇಲ್ಲಿಯ ವೈನ್ ಹೋಗುತ್ತಿತ್ತು. ಬೋರ್ಡ್ ನೋಡಿ ಉಪ್ಪ ಮುಖ ಆಚೆ ತಿರುಗಿಸಿದರು. ನಾನು ಕಾರು ನಿಲ್ಲಿಸಿದ್ದು ಕ್ಲೈನ್ ಕಾನ್‌ಸ್ಟಾನ್ಶಿಯಾ ತೋಟದ ಗೇಟಿನ ಪಕ್ಕ. ಅಲ್ಲಿ ಮರಗಳ ನೆರಳಿನಲ್ಲಿ ಒಂದು ಮಖ್ಬರ ಉಂಟು. ಅಲ್ಲಿಯವರು 'ಕ್ರಮಾತ್' ಎನ್ನುತ್ತಾರೆ, ನಮ್ಮ ಕರಾಮತ್ ಎಂಬ ಪದವೇ.

ಅಲ್ಲಿ ಮಲಗಿರುವವರು ಶೇಖ್ ಅಬ್ದುರ್ರಹ್ಮಾನ್ ಮತೆಬೆ ಶಾ. ಮಲಾಕ್ಕದ ರಾಜಮನೆತನದವರು ಎಂಬುದು ಅಲ್ಲಿನ ನಂಬಿಕೆ. ಡಚ್ಚರ ವಿರುದ್ಧ ನಿಂತದ್ದಕ್ಕೆ ಸೆರೆಸಿಕ್ಕಿ, 1668ರಲ್ಲಿ ಕೇಪ್‌ಗೆ ಗಡೀಪಾರಾಗಿ ಬಂದವರು. ಸಲಾಂ ಹೇಳಿ, ಫಾತಿಹಾ ಓದಿ ಹೊರಬಂದ ಉಪ್ಪ ಬೆರಳು ಮಡಚಿ ಲೆಕ್ಕ ಹಾಕಿದರು. "ಹಾಗಾದರೆ ಹೆಂಡದ ತೋಟಕ್ಕಿಂತ ಮೊದಲು ಇಲ್ಲಿಗೆ ಬಂದದ್ದು ಇವರು." ಆಮೇಲೆ ತೋಟಗಳ ಬೋರ್ಡ್ ಕಂಡರೆ ಅವರು ಮುಖ ತಿರುಗಿಸಲಿಲ್ಲ. "ಇಲ್ಲಿ ಯಾರು ದುಡಿದದ್ದು?" ಎಂದು ಕೇಳತೊಡಗಿದರು.

ಅದಕ್ಕೆ ಉತ್ತರ ನಗರದ ನಡುವೆಯೇ ಉಂಟು. ಡಚ್ ಈಸ್ಟ್ ಇಂಡಿಯಾ ಕಂಪೆನಿ 1679ರಲ್ಲಿ ತನ್ನ ಗುಲಾಮರನ್ನು ಕೂಡಿಹಾಕಲು ಕಟ್ಟಿಸಿದ ಸ್ಲೇವ್ ಲಾಡ್ಜ್ ಈಗ ವಸ್ತು ಸಂಗ್ರಹಾಲಯ. ಹತ್ತಿರದ ಚರ್ಚ್ ಸ್ಕ್ವೇರ್‌ನಲ್ಲಿ ಗುಲಾಮರ ನೆನಪಿಗೆ 11 ಗ್ರಾನೈಟ್ ಕಲ್ಲುಗಳನ್ನು ಇಟ್ಟು ಹೆಸರುಗಳನ್ನು ಕೆತ್ತಿದ್ದಾರೆ. 1652ರಿಂದ 1808ರ ನಡುವೆ ಹಡಗುಗಳಲ್ಲಿ ಕೇಪ್‌ಗೆ ತಂದ ಗುಲಾಮರು ಸುಮಾರು 63 ಸಾವಿರ ಎಂದು ಇತಿಹಾಸಕಾರರ ಅಂದಾಜು. ಅದರಲ್ಲಿ ಹತ್ತಿರ ಹತ್ತಿರ ನಾಲ್ಕನೇ ಒಂದು ಪಾಲು ನಮ್ಮ ಉಪಖಂಡದವರು. ಹೆಸರಿನ ಕೊನೆಗೆ ಊರು ಸೇರಿಸಿ ಬರೆಯುತ್ತಿದ್ದರು: ಬೆಂಗಾಲದವನು, ಕೋರಮಂಡಲದವಳು, ಮಲಬಾರಿನವನು. ಸ್ವಂತ ಹೆಸರು ಕಿತ್ತುಕೊಂಡು ತಿಂಗಳ ಹೆಸರಿಟ್ಟದ್ದೂ ಉಂಟು. ಇವತ್ತಿಗೂ ಅಲ್ಲಿ 'ಸೆಪ್ಟೆಂಬರ್', 'ಫೆಬ್ರವರಿ' ಎಂಬ ಮನೆತನದ ಹೆಸರುಗಳಿವೆ.

1663ರಲ್ಲಿ ಕೊಚ್ಚಿಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡ ಅದೇ ಕಂಪೆನಿ ಇದು. ಆ ಕಲ್ಲುಗಳ ಮುಂದೆ ಉಮ್ಮ ಬಹಳ ಹೊತ್ತು ನಿಂತಿದ್ದರು.

ಮಗಳು ಕೇಳಿದ ಪ್ರಶ್ನೆ

ನಾಲ್ಕನೇ ದಿನ ಕೇಪ್‌ಟೌನ್ ಬಿಟ್ಟೆವು. ಮೊದಲ ನಿಲುಗಡೆ ಮಕಾಸ್ಸರ್. ಇಂಡೊನೇಶ್ಯಾದ ಮಕಾಸ್ಸರ್ ಕಡೆಯ ಶೇಖ್ ಯೂಸುಫ್ ಅವರನ್ನು ಡಚ್ಚರು ಮೊದಲು ಸಿಲೋನಿಗೆ, ಬಳಿಕ 1694ರಲ್ಲಿ ಕುಟುಂಬ, ಶಿಷ್ಯರು ಸೇರಿ 49 ಮಂದಿಯೊಂದಿಗೆ ಇಲ್ಲಿಗೆ ಕಳುಹಿಸಿದರು. ಪೇಟೆಯ ಗುಲಾಮರ ಜೊತೆ ಬೆರೆಯಬಾರದೆಂದು ದೂರದ ಝಾಂಡ್‌ಫ್ಲೀಟ್ ಎಂಬ ತೋಟದಲ್ಲಿ ಇರಿಸಿದರು. ಆದರೆ ಓಡಿಬಂದ ಗುಲಾಮರು ಅಲ್ಲಿಗೇ ಬಂದು ಸೇರಿದರು. 1699ರಲ್ಲಿ ಅವರು ತೀರಿಕೊಂಡರು. ಊರಿಗೆ ಇವತ್ತಿಗೂ ಅವರ ಹುಟ್ಟೂರಿನ ಹೆಸರೇ ನಿಂತಿದೆ.

ಅಲ್ಲಿಂದ ಸ್ಟೆಲೆನ್‌ಬಾಶ್, ಫ್ರಾನ್ಶ್‌ಹುಕ್. ನೀಲಿ ಬೆಟ್ಟ, ಬಿಳಿ ಗೋಡೆಯ ಹಳೇ ಮನೆಗಳು, ಎಪ್ರಿಲ್‌ನಲ್ಲಿ ಕೆಂಪಾಗುವ ದ್ರಾಕ್ಷಿ ಎಲೆ. ಸುಳ್ಳು ಹೇಳಬಾರದು, ಇಷ್ಟು ಚಂದದ ಜಾಗ ನಾನು ನೋಡಿದ್ದಿಲ್ಲ. ಹಳೇ ತೋಟಗಳಲ್ಲಿ ಗುಲಾಮರನ್ನು ಕೆಲಸಕ್ಕೆ ಕರೆಯುತ್ತಿದ್ದ ಗಂಟೆಗಳು ಈಗಲೂ ಇವೆ. ಅಂಥ ಒಂದು ಗಂಟೆಯ ಕೆಳಗೆ ನಿಂತು ಮಗಳು ಅಜ್ಜನನ್ನೇ ಕೇಳಿದಳು: "ಅವರು ಮುಸ್ಲಿಮರಲ್ವಾ? ಮತ್ತೆ ವೈನ್ ಯಾಕೆ ಮಾಡಿದ್ರು?"

ಉಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾಡುವುದಿಲ್ಲ ಎಂದರೆ ಬೆನ್ನಿಗೆ ಚಾಟಿ. ಕೈಯನ್ನು ಅವರು ಕಟ್ಟಬಹುದು ಮಗಳೇ, ಬಾಯಿಯನ್ನು ಕಟ್ಟಲಿಕ್ಕೆ ಆಗಲಿಲ್ಲ. ಮಾಡಿದ್ರು, ಕುಡೀಲಿಲ್ಲ" ಎಂದರು.

ಎಲ್ಲರಿಗೂ ಅದು ಸಾಧ್ಯವಾಗಲಿಲ್ಲ ಎಂಬುದನ್ನೂ ಹೇಳಬೇಕು. 1834ರಲ್ಲಿ ಗುಲಾಮಗಿರಿ ರದ್ದಾದರೂ ನಾಲ್ಕು ವರ್ಷ ಅದೇ ಯಜಮಾನರ ಬಳಿ ದುಡಿಯಬೇಕಿತ್ತು. ಅದರ ನಂತರವೂ ತೋಟದ ಕೂಲಿಗಳಿಗೆ ಸಂಬಳದ ಒಂದು ಭಾಗವನ್ನು ಅಗ್ಗದ ವೈನ್ ರೂಪದಲ್ಲೇ ಕೊಡುವ 'ಡಾಪ್' ಪದ್ಧತಿ ನಡೆಯಿತು. ಕಾನೂನು ನಿಷೇಧಿಸಿದ ಮೇಲೂ ದಶಕಗಳ ಕಾಲ ನಿಲ್ಲಲಿಲ್ಲ. ತಾಯಿಯ ಕುಡಿತದಿಂದ ಹೊಟ್ಟೆಯ ಮಗುವಿಗೆ ಆಗುವ ಶಾಶ್ವತ ಹಾನಿ ಜಗತ್ತಿನಲ್ಲೇ ಅತಿ ಹೆಚ್ಚು ಕಾಣುವ ಪ್ರದೇಶಗಳಲ್ಲಿ ಈ ಚಂದದ ಕಣಿವೆಗಳೂ ಸೇರಿವೆ. ನಮ್ಮ ಮನೆಗಳಲ್ಲಿ ಮದ್ಯ ಬೇಡ ಎಂದು ಮಕ್ಕಳಿಗೆ ಹೇಳುತ್ತೇವೆ. ಯಾಕೆ ಬೇಡ ಎಂಬುದನ್ನು ಇಲ್ಲಿ ತೋರಿಸಿಕೊಟ್ಟ ಹಾಗಾಯಿತು.

ಕಲ್ಲಿನ ಘಾಟಿ

ಮುಂದೆ ಮೊಂಟೆಗ್ಯೂ ದಾರಿಯಾಗಿ 62ನೇ ನಂಬ್ರದ ರಸ್ತೆ ಹಿಡಿದು ಔಟ್ಸ್‌ಹೋರ್ನ್. ಅಲ್ಲಿ ಸ್ವಾರ್ಟ್‌ಬರ್ಗ್ ಬೆಟ್ಟಸಾಲು, ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಸಂರಕ್ಷಿತ ಅರಣ್ಯ. ಅದನ್ನು ದಾಟುವ ಘಾಟಿ ಇವತ್ತಿಗೂ ಮಣ್ಣಿನ ರಸ್ತೆ. ಚಾರ್ಮಾಡಿಯ ಹಳೇ ದಿನ ನೆನಪಿದ್ದವರಿಗೆ ಅರ್ಥವಾಗಬಹುದು, ಆದರೆ ಇಲ್ಲಿ ಮಳೆಕಾಡಿಲ್ಲ, ಬರೀ ಕೆಂಪು ಬಂಡೆ. 1,500 ಮೀಟರ್ ದಾಟಿದ ಮೇಲೆ ನನ್ನ ಕೈ ಬೆವರತೊಡಗಿತು. ಬಾಡಿಗೆ ಕರಾರಿನಲ್ಲಿ ಹೆಸರಿಲ್ಲದ ಕಾರಣ ಉಪ್ಪನಿಗೆ ಸ್ಟಿಯರಿಂಗ್ ಕೊಡುವಂತಿಲ್ಲ. ಅವರು ಪಕ್ಕದಲ್ಲಿ ಕೂತು ತಗ್ಗಿದ ದನಿಯಲ್ಲಿ ಹೇಳುತ್ತಾ ಬಂದರು. "ಬ್ರೇಕ್ ಮೇಲೆ ಕಾಲು ಇಡಬೇಡ. ಗೇರ್ ಇಳಿಸು. ಅವಸರ ಎಂತ ಇಲ್ಲ."

ತುದಿಯಲ್ಲಿ ಇಳಿದು ಅವರು ರಸ್ತೆಯಂಚಿನ ಗೋಡೆ ಮುಟ್ಟಿ ನೋಡಿದರು. ಸಿಮೆಂಟಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಗೋಡೆ. ಥಾಮಸ್ ಬೇನ್ ಎಂಬ ಎಂಜಿನಿಯರ್ 1888ರಲ್ಲಿ ಮುಗಿಸಿದ್ದು, ಕಟ್ಟಿದವರು ಕೈದಿಗಳು. "ಎಂಜಿನಿಯರ್ ಹೆಸರು ಉಂಟು. ಕಲ್ಲು ಹೊತ್ತವರದ್ದು ಇಲ್ಲ" ಎಂದರು. ಗಲ್ಫ್‌ನಲ್ಲಿ ಆಯುಷ್ಯ ಕಳೆದ ಮನುಷ್ಯ ಅದನ್ನು ಹೇಳುವಾಗ ನನಗೆ ತಿರುಗಿ ಏನೂ ಹೇಳಲಾಗಲಿಲ್ಲ. ಅಲ್ಲೇ ಬಂಡೆಯ ಮೇಲೆ ಮುಸಲ್ಲಾ ಹಾಸಿ ಲುಹರ್ ನಮಾಝ್ ಮಾಡಿದೆವು. ಅಲ್ಲಿ ಖಿಬ್ಲಾ ನಮ್ಮ ಹಾಗೆ ಪಡುವಣಕ್ಕಲ್ಲ. ಉತ್ತರಕ್ಕೆ, ತುಸು ಪೂರ್ವಕ್ಕೆ ವಾಲಿ.

ಜುಮಾದ ದಿನ

ಘಾಟಿಯ ಆಚೆ ಪ್ರಿನ್ಸ್ ಆಲ್ಬರ್ಟ್‌ನಲ್ಲಿ ಉಳಿದು, ತಿನ್ನುವ ದ್ರಾಕ್ಷಿಗೆ ಹೆಸರಾದ ಹೆಕ್ಸ್ ರಿವರ್ ಕಣಿವೆ ದಾರಿಯಾಗಿ ಮರಳಿದೆವು. ಕೊನೆಯ ದಿನ ಶುಕ್ರವಾರ. ಬಣ್ಣಬಣ್ಣದ ಮನೆಗಳ ಬೊ-ಕಾಪ್‌ನಲ್ಲಿ ಅವ್ವಲ್ ಮಸೀದಿ, ದಕ್ಷಿಣ ಆಫ್ರಿಕಾದ ಮೊದಲ ಮಸೀದಿ. ಸ್ಥಾಪನೆ 1794. ಮೊದಲ ಇಮಾಮ್ ತುವಾನ್ ಗುರು ರಾಬೆನ್ ದ್ವೀಪದ ಸೆರೆಯಲ್ಲಿ ಕುರ್‌ಆನನ್ನು ನೆನಪಿನಿಂದಲೇ ಬರೆದವರು.

ಅಲ್ಲಿನವರೂ ಹೆಚ್ಚಿನವರು ನಮ್ಮ ಹಾಗೆ ಶಾಫಿಈಗಳು. ರಾತೀಬ್ ಉಂಟು, ಮೌಲೂದ್ ಉಂಟು. ನಮ್ಮ ಹಿರಿಯರು ಅರಬಿ ಮಲಯಾಳಂ ಓದಿದ ಹಾಗೆ, ಅವರ ಮದ್ರಸಗಳಲ್ಲಿ ಹಿಂದೆ ಆಫ್ರಿಕಾನ್ಸ್ ಭಾಷೆಯನ್ನು ಅರಬಿ ಲಿಪಿಯಲ್ಲಿ ಬರೆಯುತ್ತಿದ್ದರು. ನಮಾಝ್ ಮುಗಿದು ಹೊರಬರುವಾಗ ಹಿರಿಯರೊಬ್ಬರು ಉಪ್ಪನ ಕೈ ಹಿಡಿದು ಯಾವ ಊರೆಂದು ಕೇಳಿದರು. ಮಲಬಾರಿನ ಪಕ್ಕ ಎಂದೆ ನಾನು. "ನಮ್ಮವರಲ್ಲೂ ಯಾರೋ ಅಲ್ಲಿಂದಲೇ ಬಂದಿರಬಹುದು, ಯಾರಿಗೆ ಗೊತ್ತು" ಎಂದು ನಕ್ಕು, ಮಕ್ಕಳಿಗೆ ಸಕ್ಕರೆ ಪಾಕದಲ್ಲಿ ಅದ್ದಿ ಕಾಯಿತುರಿ ಉದುರಿಸಿದ 'ಕೂಸಿಸ್ಟರ್' ಕೊಡಿಸಿದರು.

ಊರಿಗೆ ಬಂದ ಮೇಲೆ ಮಸೀದಿ ಜಗಲಿಯಲ್ಲಿ ಯಾರೋ ಉಪ್ಪನನ್ನು "ಹೆಂಡದ ಊರಿಗೆ ಹೋಗಿದ್ರಂತೆ?" ಎಂದು ತಮಾಷೆ ಮಾಡಿದರಂತೆ. "ಹೌದು, ಕೂತ್ಕೊಳ್ಳಿ, ಹೇಳ್ತೇನೆ" ಎಂದು ಅಸರ್‌ನಿಂದ ಮಗ್ರಿಬ್‌ವರೆಗೆ ಹೇಳಿದರಂತೆ.

ಹೋಗುವವರ ಗಮನಕ್ಕೆ: ವೀಸಾ ಮೊದಲೇ ಮಾಡಿಸಬೇಕು. ಆರ್‌ಟಿಒದಿಂದ ಒಂದು ವರ್ಷದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಪಡೆದು, ಊರಿನ ಲೈಸೆನ್ಸನ್ನೂ ಜೊತೆಗಿಟ್ಟುಕೊಳ್ಳಿ. ಮಣ್ಣಿನ ರಸ್ತೆಗೆ ವಿಮೆ ಅನ್ವಯಿಸುತ್ತದೆಯೇ ಎಂದು ಬಾಡಿಗೆ ಕರಾರಿನಲ್ಲಿ ನೋಡಿ. ರಾತ್ರಿ ಓಡಿಸಬೇಡಿ. ನಿಲ್ಲಿಸಿದ ಕಾರಿನಲ್ಲಿ ಬ್ಯಾಗ್ ಹೊರಗೆ ಕಾಣುವಂತೆ ಇಡಬೇಡಿ. ಜೂನ್‌ನಿಂದ ಆಗಸ್ಟ್ ಅಲ್ಲಿ ಮಳೆ, ಚಳಿ. ನಮ್ಮ ಎಪ್ರಿಲ್ ರಜೆ ಅನುಕೂಲ. ಹೋಟೆಲ್‌ಗಳಲ್ಲಿ ಹಲಾಲ್ ಸರ್ಟಿಫಿಕೇಟ್ ಕೇಳಿ, ಸಾಸ್‌ಗೆ ವೈನ್ ಹಾಕುತ್ತಾರೆಯೇ ಎಂದೂ ಕೇಳಿ. ಕೇಳಿದರೆ ಅಲ್ಲಿ ಯಾರೂ ಬೇಸರ ಮಾಡುವುದಿಲ್ಲ.