ಭತ್ತದ ಪೈರಿಗೆ ಮೂರು ಕಾವಲು

ಮಳೆಗಾಳಿ ಹೊಡೆದ ಮೇಲೆ ಗದ್ದೆಗೆ ಹೋದವರಿಗೆ ಈ ರೋಗ ಗೊತ್ತು. ಗರಿಯ ತುದಿಯಿಂದ ಅಂಚಿನುದ್ದಕ್ಕೂ ಹಳದಿ ಪಟ್ಟೆ ಇಳಿಯುತ್ತದೆ. ಆಮೇಲೆ ಗರಿಯೇ ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಇದೇ ದುಂಡಾಣು ಅಂಗಮಾರಿ. ಇದಕ್ಕೆ ನೆಚ್ಚಿಕೊಳ್ಳುವಂಥ ಔಷಧಿಯಿಲ್ಲ. ಸಾಲ ತಂದು ಡಬ್ಬಿಗಟ್ಟಲೆ ಸಿಂಪಡಿಸಿದರೆ ಸಾಲ ಮಾತ್ರ ಉಳಿಯುತ್ತದೆ.

ನಮ್ಮ ರೈತರು ಬಿಪಿಟಿ ಎಂದು ಕರೆಯುವ ಸಾಂಬಾ ಮಸೂರಿ, ಆಂಧ್ರದ ಬಾಪಟ್ಲದಲ್ಲಿ ರೂಪುಗೊಂಡು 1986ರಲ್ಲಿ ಬಿಡುಗಡೆಯಾದ ತಳಿ. ಸಣ್ಣ ಕಾಳು, ಒಳ್ಳೆಯ ರುಚಿ, ಒಳ್ಳೆಯ ಬೆಲೆ. ಈ ರೋಗವನ್ನು ತಡೆಯುವ ಶಕ್ತಿ ಮಾತ್ರ ಅದಕ್ಕಿಲ್ಲ.

ಆ ಶಕ್ತಿ ಸಿಕ್ಕಿದ್ದು ಆಫ್ರಿಕಾದ ಮಾಲಿ ದೇಶದ ಕಾಡು ಭತ್ತದಲ್ಲಿ! ಫಿಲಿಪ್ಪೀನ್ಸಿನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಗುರುದೇವ್ ಖುಷ್ ಮತ್ತು ಸಂಗಡಿಗರು ಅದನ್ನು ಸಂಕರದ ಮೂಲಕ ಬೇಸಾಯದ ಭತ್ತಕ್ಕೆ ತಂದರು. ಆ ವಂಶವಾಹಿಗೆ ಎಕ್ಸ್‌ಎ 21 ಎಂದು ಹೆಸರು. 1995ರಲ್ಲಿ ಅಮೆರಿಕದ ಪಮೇಲಾ ರೊನಾಲ್ಡ್ ಅವರ ತಂಡ ಅದನ್ನು ಬೇರ್ಪಡಿಸಿ ತೋರಿಸಿತು. ಅದು ಮಾಡಿಸುವ ಪ್ರೋಟೀನು ಜೀವಕೋಶದ ಹೊರಪೊರೆಯಲ್ಲಿ ಕಾವಲು ನಿಂತು, ರೋಗಾಣುವಿನ ಗುರುತು ಹಿಡಿದು ಒಳಗೆ ಸುದ್ದಿ ಮುಟ್ಟಿಸುತ್ತದೆ.

ಒಬ್ಬನೇ ಕಾವಲುಗಾರನಾದರೆ ಕಳ್ಳ ಇನ್ನೊಂದು ದಾರಿ ಹುಡುಕುತ್ತಾನೆ. ರೋಗಾಣುವೂ ಹಾಗೆಯೇ ಬದಲಾಗುತ್ತದೆ. ಆದ್ದರಿಂದ ಹೈದರಾಬಾದಿನ ಭತ್ತ ಸಂಶೋಧನಾ ನಿರ್ದೇಶನಾಲಯ ಮತ್ತು ಸಿಸಿಎಂಬಿ ಸಂಸ್ಥೆಗಳ ವಿಜ್ಞಾನಿಗಳು ಇನ್ನೆರಡನ್ನು, ಎಕ್ಸ್‌ಎ 13 ಮತ್ತು ಎಕ್ಸ್‌ಎ 5 ಎಂಬುವನ್ನು, ಜೊತೆಗೆ ಸೇರಿಸಿದರು. ಇವುಗಳಲ್ಲಿ 13ರ ಕೆಲಸ ನನಗೆ ಬಹಳ ಸೋಜಿಗ. ರೋಗಾಣು ಪೈರಿನದೇ ಒಂದು ವಂಶವಾಹಿಯನ್ನು ಚಾಲೂ ಮಾಡಿ, ಸಕ್ಕರೆ ಹೊರಗೆ ಸುರಿಯುವಂತೆ ಮಾಡಿಕೊಂಡು ತಾನು ಉಣ್ಣುತ್ತದೆ. 13 ಇರುವ ಪೈರಿನಲ್ಲಿ ಆ ಬೀಗದ ಕಂಡಿಯೇ ಬೇರೆ. ಕಳ್ಳನ ಕೀಲಿ ತಿರುಗುವುದಿಲ್ಲ.

ಆದರೆ 5 ಮತ್ತು 13 ತಾಯಿ, ತಂದೆ ಎರಡೂ ಕಡೆಯಿಂದ ಬಂದರೆ ಮಾತ್ರ ಗುಣ ತೋರುತ್ತವೆ. ಒಂದೇ ಕಡೆಯಿಂದ ಬಂದಾಗ ಅಡಗಿ ಕೂರುತ್ತವೆ, ಕಣ್ಣಿಗೆ ತಿಳಿಯದು. ಅದಕ್ಕೇ ಪ್ರತಿ ತಲೆಮಾರಿನಲ್ಲೂ ಸಸಿಯ ಗರಿಯ ಚೂರು ತೆಗೆದು ಡಿಎನ್‌ಎ ಪರೀಕ್ಷೆ ಮಾಡಿ, ಮೂರೂ ಇರುವ ಸಸಿಗಳನ್ನು ಆರಿಸಿದರು. ಅವನ್ನು ಮತ್ತೆ ಮತ್ತೆ ಸಾಂಬಾ ಮಸೂರಿಗೇ ಕೂಡಿಸಿದ್ದರಿಂದ ಕಾಳಿನ ಗುಣ ಉಳಿಯಿತು. 2008ರಲ್ಲಿ 'ಸುಧಾರಿತ ಸಾಂಬಾ ಮಸೂರಿ' ಬಿಡುಗಡೆಯಾಯಿತು.

ಇದು ಕುಲಾಂತರಿಯೇ ಎಂದು ಕೇಳುವವರಿದ್ದಾರೆ. ಅಲ್ಲ, ಭತ್ತಕ್ಕೆ ಭತ್ತವನ್ನೇ ಕೂಡಿಸಿ ಪಡೆದದ್ದು. ಹೈಬ್ರಿಡ್ ಕೂಡ ಅಲ್ಲ, ಆದ್ದರಿಂದ ಬೀಜ ಎತ್ತಿಟ್ಟುಕೊಂಡು ಮರುವರ್ಷ ಬಿತ್ತಬಹುದು, ನೆರೆಯವರಿಗೂ ಕೊಡಬಹುದು. ಯೂರಿಯಾ ಅತಿಯಾದರೆ ಅಂಗಮಾರಿ ಹೆಚ್ಚುತ್ತದೆ ಎಂಬುದು ನೆನಪಿರಲಿ. ಬೆಂಕಿ ರೋಗದ ಮಾತೇ ಬೇರೆ. ಅದಕ್ಕೆ ಈ ಮೂವರು ಕಾವಲುಗಾರರು ಸಾಲುವುದಿಲ್ಲ.