ಪೆಟ್ಟಿಗೆಯ ದೇವರು ಮ್ಯೂಸಿಯಂ ಸೇರಿದರೆ

ಉಜ್ಜಿನಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಎರೆಯುವುದನ್ನು ಊರಿಗೆ ಊರೇ ನಿಂತು ನೋಡುತ್ತದೆ. ಅದೇ ಸೀಮೆಯ ಮ್ಯಾಸನಾಯಕರ, ಕಾಡುಗೊಲ್ಲರ ಹಟ್ಟಿಗಳಲ್ಲಿ ಲೆಕ್ಕ ಬೇರೆ. ಅಲ್ಲಿ ದೇವರ ಸಾಮಾನು ಪೆಟ್ಟಿಗೆಯೊಳಗಿರುತ್ತದೆ. ಹಬ್ಬ ಬಂದಲ್ಲದೆ ಮುಚ್ಚಳ ತೆಗೆಯುವಂತಿಲ್ಲ, ಪೂಜಾರಿಯಲ್ಲದೆ ಇನ್ನೊಬ್ಬರು ಕೈ ಹಚ್ಚುವಂತಿಲ್ಲ. ಇಂಥ ವಸ್ತು ಮ್ಯೂಸಿಯಂ ಸೇರಿದರೆ ಈ ಕಟ್ಟಲೆಯ ಗತಿಯೇನು?

ಕರಾವಳಿಯವರು ಒಂದು ದಾರಿ ಕಂಡುಕೊಂಡಿದ್ದಾರೆ. ಬಾರ್ಕೂರಿನ ಹತ್ತಿರದ ಮೆಕ್ಕೆಕಟ್ಟಿನಲ್ಲಿ ಆಳೆತ್ತರದ, ಬಣ್ಣ ಬಳಿದ ಮರದ ಭೂತಗಳ ಸಾಲೇ ಇದೆ. ಮರವೆಂದ ಮೇಲೆ ಗೆದ್ದಲು, ಮಳೆ ಬಿಟ್ಟಾವೆಯೇ? ಹಳೆಯದು ಜೀರ್ಣವಾದಾಗ ಹೊಸದನ್ನು ಕೆತ್ತಿಸಿ, ಸಾನ್ನಿಧ್ಯವನ್ನು ಅದಕ್ಕೆ ಇಳಿಸುತ್ತಾರೆ. ಆ ಬಳಿಕ ಹಳೆಯದು ಬರೀ ಮರ. ನೀರಿಗೋ ಕಾಡಿಗೋ ಬಿಡುವುದು ರೂಢಿ. ಅಲ್ಲಿಯ ಹಳೆಯ ಮೂರ್ತಿಗಳು ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯ ಸೇರಿದವು. ದೇವರು ಊರಲ್ಲೇ ಉಳಿದ, ಮರ ಮಾತ್ರ ದೆಹಲಿಗೆ ಹೋಯಿತು.

ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಆ ಅನುಕೂಲ ಸಿಗಲಿಲ್ಲ. ನಡುನಾಡಿನ ಅರಂಡ ಜನರ ಗೆರೆ ಕೊರೆದ ಕಲ್ಲು, ಹಲಗೆಗಳನ್ನು ದೀಕ್ಷೆಯಾದ ಗಂಡಸರಷ್ಟೇ ನೋಡಬಹುದು. ಬಿಳಿಯರು ಅವನ್ನು ಒಯ್ದು ಗಾಜಿನ ಕಪಾಟಿನಲ್ಲಿಟ್ಟರು. ಈಗ ಅಲ್ಲಿಯ ಮ್ಯೂಸಿಯಂಗಳು ಇಂಥವನ್ನು ಪ್ರದರ್ಶನದಿಂದ ತೆಗೆದು ಬೇರೆ ಕೋಣೆಯಲ್ಲಿ ಬೀಗ ಹಾಕಿ ಇಡುತ್ತವೆ. ಯಾರು ಒಳಗೆ ಹೋಗಬೇಕೆಂದು ಹೇಳುವವರು ಕುಲದ ಹಿರಿಯರು. 2019ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಮ್ಯೂಸಿಯಂ ಅರಂಡ, ಯಾವುರು ಮೊದಲಾದ ಸಮುದಾಯಗಳಿಗೆ 43 ವಸ್ತುಗಳನ್ನು ಮರಳಿಸಿತು.

ನಮ್ಮಲ್ಲಿ ಭಯ ಮ್ಯೂಸಿಯಂಗಿಂತ ಕಳ್ಳರದ್ದು. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಹಸ್ತಪ್ರತಿಗಾದರೆ 75 ವರ್ಷ ಸಾಕು. ಸರ್ಕಾರ ಹೆಸರಿಸಿದ ಬಗೆಯ ವಸ್ತುಗಳನ್ನು ಫೋಟೊ ಕೊಟ್ಟು ನೋಂದಾಯಿಸಬೇಕು. ಫೋಟೊದ ಬೆಲೆ ಗೊತ್ತಾಗಬೇಕಾದರೆ ತಮಿಳುನಾಡಿನ ಶ್ರೀಪುರಂತನ್ ನಟರಾಜನ ಕಥೆ ಕೇಳಬೇಕು. ಕಳುವಾದ ಆ ಮೂರ್ತಿಯನ್ನು 2008ರಲ್ಲಿ ಕೊಂಡದ್ದು ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ! ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿದ್ದ ಹಳೆಯ ಫೋಟೊ ಸಾಕ್ಷಿ ನುಡಿಯಿತು. 2014ರಲ್ಲಿ ನಟರಾಜ ಮರಳಿದ.

ಹಾಗಾದರೆ ಫೋಟೊ ತೆಗೆಯಲೇಬಾರದ ಪೆಟ್ಟಿಗೆಯ ದೇವರಿಗೆ ಏನು ದಾಖಲೆ? ನನ್ನ ಮಟ್ಟಿಗೆ, ಮುಟ್ಟುವ ಹಕ್ಕಿದ್ದವರೇ ಹಬ್ಬದ ದಿನ ಪೆಟ್ಟಿಗೆ ತೆರೆದಾಗ ಒಂದು ಹಾಳೆಯಲ್ಲಿ ಬರೆದಿಡಲಿ: ಎಷ್ಟು ವಸ್ತು, ಯಾವ ಲೋಹ, ಎಷ್ಟು ಗೇಣು, ಎಲ್ಲಿ ಮುಕ್ಕಾಗಿದೆ, ಎಲ್ಲಿ ಬೆಸುಗೆ ಬಿದ್ದಿದೆ. ಹೊಳಪು ಹೋದದ್ದಕ್ಕಿಂತ ಮುಕ್ಕೇ ಗುರುತಿಗೆ ಬರುವುದು, ಏಕೆಂದರೆ ಒಂದೇ ಅಚ್ಚಿನ ಮುಖವಾಡ ಹತ್ತು ಊರಲ್ಲಿರಬಹುದು, ಮುಕ್ಕು ಒಂದೇ ಕಡೆ ಇರುವುದಿಲ್ಲ. ಹೊರಗಿನ ಪೆಟ್ಟಿಗೆಯ ಫೋಟೊಗೆ ಹಿರಿಯರು ಒಪ್ಪಿದರೆ ಅದೂ ಇರಲಿ. ಹಾಳೆಯನ್ನು ಲಕೋಟೆಗೆ ಹಾಕಿ, ಅರಗು ಒತ್ತಿ, ಹಟ್ಟಿಯ ಯಜಮಾನರ ವಶಕ್ಕೆ ಕೊಡಬೇಕು. ಗುಡಿಯಲ್ಲೇ ಇಟ್ಟರೆ ಪೆಟ್ಟಿಗೆಯ ಜೊತೆ ಅದೂ ಹೋದೀತು. ಕಳುವಾದ ದಿನ ಠಾಣೆಯ ದೂರಿಗೆ ಲಗತ್ತಿಸಲು ಬೇಕಾಗುವುದು ಆ ಹಾಳೆಯೇ.