ಮಿಷನ್ನಿಗೆ ಬಾರದ ಕೌದಿ

ಇವತ್ತು ಸೂಜಿ-ದಾರದ ಮಾತು.

ಗವರ್ನರ್‌ಪೇಟೆಗೆ ಬರುವಾಗ ಲ್ಯಾಪ್‌ಟಾಪ್ ಜೊತೆ ನಾನು ತಂದದ್ದು ಅಜ್ಜಿ ಹೊಲಿದ ಕೌದಿ. ಹೋದ ತಿಂಗಳು ಅದರ ಮೂಲೆ ಬಿಚ್ಚಿಕೊಂಡಿತು. ಬೀಸೆಂಟ್ ರೋಡಿನ ಹತ್ತಿರ ಇಬ್ಬರು ಟೈಲರ್‌ಗಳಿಗೆ ತೋರಿಸಿದೆ. ಇಬ್ಬರೂ ಮುಟ್ಟಿ ನೋಡಿ ವಾಪಸ್ ಕೊಟ್ರು. ಅವರ ತಪ್ಪಲ್ಲ ಬಿಡಿ. ನಾಲ್ಕೈದು ಪದರ ಹಳೇ ಸೀರೆ ಮಿಷನ್ನಿಗೆ ಕೊಟ್ಟರೆ ಕೆಳಗಿನ ಪದರ ಮುಂದೆ ಓಡುತ್ತೆ, ಮೇಲಿನದು ಹಿಂದೆ ಉಳಿಯುತ್ತೆ, ನಡುವೆ ನೆರಿಗೆ.

ಅಂದರೆ ಕೈ ಹೊಲಿಗೆಯೇ ಗತಿ. ಅಜ್ಜಿಗೆ ಬರ್ತಿತ್ತು, ಅವ್ವನಿಗೆ ಬರುತ್ತೆ, ನನ್ನ ಹತ್ರ ಬಂದು ನಿಂತುಬಿಟ್ಟಿದೆ. ಅವ್ವನಿಗೀಗ ಸೂಜಿಯ ಕಣ್ಣೂ ಕಾಣೋದಿಲ್ಲ. ಅದಕ್ಕೇ ವಿಡಿಯೋ ಕಾಲ್‌ನಲ್ಲಿ ನನಗೂ ಹತ್ತು ವರ್ಷದ ಮಗಳಿಗೂ ಒಟ್ಟಿಗೇ ಪಾಠ.

"ನಡುವಿನಿಂದ ಹೊಲಿಬ್ಯಾಡವಾ, ಅಂಚಿನಿಂದ ಒಳಗ ಬಾ" ಅಂದಳು ಅವ್ವ. ಬಿಚ್ಚಿದ ಅಂಚನ್ನು ಒಳಕ್ಕೆ ಮಡಚಿ ಮೊದಲು ಹೊಲಿದರೆ ಎಳೆ ಬಿಡೋದು ಅಲ್ಲೇ ನಿಲ್ಲುತ್ತೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳೂ ಕೌದಿಯನ್ನು ಅಂಚಿನಿಂದ ಶುರು ಮಾಡಿ, ತುಂಡು ಜೋಡಿಸುತ್ತಾ ಸುತ್ತು ಹಾಕಿ, ಮಧ್ಯಕ್ಕೆ ಬಂದು ಮುಗಿಸುತ್ತಾರೆ. ಹೊಲಿಗೆ ಬರೀ ಮೇಲೆ-ಕೆಳಗೆ ಹೋಗುವ ಸಾದಾ ಹೊಲಿಗೆ. ಗಟ್ಟಿತನ ಇರೋದು ಸಾಲುಗಳು ಒತ್ತೊತ್ತಾಗಿರುವುದರಲ್ಲಿ: ಒಂದು ಸಾಲು ಹರಿದರೆ ಪಕ್ಕದ್ದು ಬಟ್ಟೆ ಹಿಡಿದಿರುತ್ತೆ.

ದಾರ ಒಂದೂವರೆ ಮೊಳ ಸಾಕು. ನಾನು ಪದೇ ಪದೇ ಪೋಣಿಸುವ ಸೋಮಾರಿತನಕ್ಕೆ ಮಾರುದ್ದ ತಗೊಂಡೆ, ಹತ್ತು ನಿಮಿಷ ಸಿಕ್ಕು ಬಿಡಿಸಿದ್ದೇ ಆಯ್ತು.

ಮಕ್ಕಳಿಗೆ ಕೌದಿಯಿಂದ ಶುರು ಮಾಡಬೇಡಿ, ಬೇಸರ ಬರುತ್ತೆ. ಶರ್ಟಿನ ಗುಂಡಿ ಕೊಡಿ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು, ಕಡ್ಡಿಯ ಮೇಲಿಂದಲೇ ದಾರ ಹಾಯಿಸಿ ನಾಲ್ಕೈದು ಸಲ ಹೊಲಿಯಲಿ. ಆಮೇಲೆ ಕಡ್ಡಿ ಎಳೆದು, ಗುಂಡಿ ಮೇಲೆತ್ತಿ, ಅದರ ಕೆಳಗೆ ದಾರ ಮೂರು ಸುತ್ತು ಸುತ್ತಿ ಗಂಟು ಹಾಕಲಿ. ಆ ಪುಟ್ಟ ಕತ್ತು ಇಲ್ಲದಿದ್ದರೆ ಕಾಜಾದ ಬಟ್ಟೆಗೆ ಜಾಗ ಸಿಗಲ್ಲ, ಗುಂಡಿ ಎಳೆದೆಳೆದು ಕಿತ್ತುಬರುತ್ತೆ.

ಅಂದಹಾಗೆ, ಇಲ್ಲಿ ಸೂಜಿ 'ಸೂದಿ', ಗುಂಡಿ 'ಗುಂಡೀ'. ಹೊಲಿಯೋದು ಮಾತ್ರ 'ಕುಟ್ಟು'. ಪಕ್ಕದ ಮನೆ ಆಂಟಿ ಕೌದಿ ನೋಡಿ ಹಾಗಂದಾಗ, ಯಾಕೆ ಕುಟ್ಟಬೇಕು ಅಂತ ಮಗಳು ಗಾಬರಿ!

ಮಗಳ ಸಾಲು ಸೊಟ್ಟಗಿದೆ. ಬಿಚ್ಚಿಸಲಾ ಅಂತ ಕೇಳಿದೆ. "ಇರಲಿ ಬಿಡು, ಅದು ಅಕಿ ಸಾಲು" ಅಂದಳು ಅವ್ವ. ಇನ್ನೂ ಎರಡು ಬಾಕಿ ಇವೆ, ಭಾನುವಾರಕ್ಕೆ.